ಎಡ ಮೆದುಳು, ಬಲ ಮೆದುಳು ಅಂತ ನೋಡಿ ಚಿತ್ರಕಲೆ ಕ್ಲಾಸ್ ಬಿಡಿಸಬೇಡಿ

ಆನ್‌ಲೈನ್ ಪರೀಕ್ಷೆಯಲ್ಲಿ ಮಗಳಿಗೆ ‘ಎಡ ಮೆದುಳು’ ಅಂತ ಬಂದಿದೆ, ಚಿತ್ರಕಲೆ ಕ್ಲಾಸ್ ಬಿಡಿಸಿ ಗಣಿತಕ್ಕೇ ಹಾಕೋದಾ ಅಂತ ಕೇಳಿದ್ದೀರಿ. ಎಡ ಮೆದುಳು ಜೋರಿದ್ದವರು ಲೆಕ್ಕಕ್ಕೆ, ಬಲ ಮೆದುಳು ಜೋರಿದ್ದವರು ಕಲೆಗೆ ಅನ್ನೋ ನಂಬಿಕೆ ಇದರ ಹಿಂದಿದೆ. ದಯವಿಟ್ಟು ಬಿಡಿಸಬೇಡಿ.

2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ನೋಡಿದರು. ಒಬ್ಬೊಬ್ಬರಲ್ಲಿ ಒಂದೊಂದು ಬದಿ ಜೋರು ಅನ್ನೋದು ಕಾಣಲೇ ಇಲ್ಲ. ಮಾತಿನಂಥ ಕೆಲವು ಕೆಲಸಗಳು ಒಂದು ಬದಿಗೆ ವಾಲುತ್ತವೆ, ಅಷ್ಟೇ.

ನನಗೆ ತುಂಬಾ ಇಷ್ಟವಾದದ್ದು 2018ರ ಅಧ್ಯಯನ, ಮೆದುಳು ಮತ್ತು ಸೃಜನಶೀಲತೆಯ ಸಂಶೋಧಕ ರೋಜರ್ ಬೀಟಿ ತಂಡದ್ದು. ಸ್ಕ್ಯಾನರ್ ಒಳಗೆ ಮಲಗಿದವರಿಗೆ ದಿನಬಳಕೆಯ ಒಂದು ವಸ್ತುವಿನ ಹೆಸರು ತೋರಿಸಿ, ಇದನ್ನು ಹೊಸದಾಗಿ ಹೇಗೆ ಬಳಸಬಹುದು ಅಂತ ಕೇಳಿದರು. ಕಾಲುಚೀಲ ಅಂದರೆ ಕಾಲಿಗೆ ಹಾಕೋದು ಎಲ್ಲರಿಗೂ ಹೊಳೆಯುತ್ತದೆ. ಅದರಲ್ಲಿ ನೀರು ಸೋಸಬಹುದು ಅನ್ನೋದು ಹೊಸ ಯೋಚನೆ ಅಲ್ವಾ? ಇಂಥ ಯೋಚನೆ ಬರುವವರಲ್ಲಿ ಮೆದುಳಿನ ಮೂರು ಜಾಲಗಳ (ಜೊತೆಯಾಗಿ ಕೆಲಸ ಮಾಡುವ ಭಾಗಗಳ ಗುಂಪುಗಳ) ನಡುವೆ ನಂಟು ಗಟ್ಟಿಯಾಗಿತ್ತು. ಒಂದು, ಸುಮ್ನೆ ಕೂತಾಗ ಮನಸ್ಸು ಅಲೆದಾಡುವಾಗಿನದು. ಇನ್ನೊಂದು, ಗಮನವಿಟ್ಟು ತೂಗಿ ನೋಡುವಾಗಿನದು. ಮೂರನೆಯದು, ಯಾವುದು ಮುಖ್ಯ ಅಂತ ಆರಿಸುವುದು. ಮೊದಲೆರಡು ಸಾಮಾನ್ಯವಾಗಿ ಒಟ್ಟಿಗೆ ಕೆಲಸ ಮಾಡುವುದು ಕಡಿಮೆ, ಆದರೆ ಇವರಲ್ಲಿ ಅವುಗಳ ನಡುವೆಯೂ ನಂಟು ಗಟ್ಟಿ. ಅಂದರೆ ಲೆಕ್ಕದ ಶಿಸ್ತು ಕಲ್ಪನೆಗೆ ಶತ್ರು ಅಲ್ಲವೇ ಅಲ್ಲ.

ಸ್ವಭಾವದ ವಿಚಾರಕ್ಕೆ ಬಂದರೆ, ಸೃಜನಶೀಲತೆ ಜೊತೆ ಮತ್ತೆ ಮತ್ತೆ ಕಾಣುವ ಗುಣ ಹೊಸತಿಗೆ ತೆರೆದುಕೊಳ್ಳುವುದು. ಆದರೆ ಇವೆಲ್ಲ ಗುಂಪಿನ ಸರಾಸರಿ. ಒಂದು ಮಗುವಿನ ದಾರಿ ಇದರಿಂದ ತೀರ್ಮಾನ ಆಗಲ್ಲ. ಅವಳಿಗೆ ಬಣ್ಣ ಹಿಡಿದು ಕೂರೋದು ಇಷ್ಟವಿದ್ದರೆ ಗಣಿತದ ಜೊತೆಗೇ ಅದೂ ನಡೆಯಲಿ.