ಓದುಗರ ಪ್ರಶ್ನೆ: ಮನಃಶಾಸ್ತ್ರವೋ, ಇತಿಹಾಸವೋ?

ಪ್ರಶ್ನೆ: ನನ್ನ ಮಗಳು ಬಿ.ಎ.ಯಲ್ಲಿ ಇತಿಹಾಸ ಮತ್ತು ಮನಃಶಾಸ್ತ್ರ ಎರಡನ್ನೂ ಓದಿದ್ದಾಳೆ. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಬೇಕೆಂಬುದು ಅವಳ ಆಸೆ. ಎಂ.ಎ.ಗೆ ಯಾವ ವಿಷಯ ಆರಿಸಿಕೊಂಡರೆ ಒಳ್ಳೆಯದು? ಪ್ರಾಧ್ಯಾಪಕಿಯಾಗಲು ಎಷ್ಟು ವರ್ಷ ಬೇಕು?
– ಓದುಗರೊಬ್ಬರು, ತಿಪಟೂರು

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಯಮ ಎರಡು ವಿಷಯಗಳಿಗೂ ಒಂದೇ. ಸಾಮಾನ್ಯ ವರ್ಗದವರು ಎಂ.ಎ.ಯಲ್ಲಿ ಶೇ 55 ಅಂಕ ಪಡೆದು, ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯಮಟ್ಟದ ಅರ್ಹತಾ ಪರೀಕ್ಷೆ) ತೇರ್ಗಡೆಯಾದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಏಳನೆಯ ವೇತನ ಆಯೋಗದ ಪ್ರಕಾರ ಈ ಹುದ್ದೆಯ ಆರಂಭಿಕ ಮೂಲವೇತನ ₹57,700. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪಿಎಚ್.ಡಿ. ಇರುವವರು ನಾಲ್ಕು, ಐದು, ಮೂರು, ಮೂರು ವರ್ಷಗಳ ಬಡ್ತಿಯ ಹಂತಗಳನ್ನು ದಾಟಿ, ಎಲ್ಲವೂ ಸಕಾಲಕ್ಕೆ ಕೂಡಿಬಂದರೆ, 15 ವರ್ಷಗಳಲ್ಲಿ ಪ್ರಾಧ್ಯಾಪಕರಾಗಬಹುದು. ಆದರೆ ಇದು ಕಾಯಂ ಹುದ್ದೆ ಸಿಕ್ಕ ದಿನದಿಂದ ಹಾಕುವ ಲೆಕ್ಕ. ಆ ದಿನ ಬರುವವರೆಗೆ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ದುಡಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಮನೆಯವರು ಇದಕ್ಕೆ ಸಿದ್ಧರಿರಬೇಕು.

ವಿಷಯದ ಆಯ್ಕೆಗೆ ಬರೋಣ. ಮನಃಶಾಸ್ತ್ರವೆಂದರೆ ಇನ್ನೊಬ್ಬರ ಮನಸ್ಸಿನ ಮಾತು ಕೇಳುವುದು ಎಂದುಕೊಂಡು ಎಂ.ಎ.ಗೆ ಸೇರಿದವರು ಮೊದಲ ಸೆಮಿಸ್ಟರಿನಲ್ಲೇ ಸಂಖ್ಯಾಶಾಸ್ತ್ರವನ್ನು ಕಂಡು ಬೆಚ್ಚುತ್ತಾರೆ. ಅದು ತಪ್ಪಿಸಿಕೊಳ್ಳಲಾಗದ ಪಾಠ. ಮೈಸೂರಿನಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ತರಬೇತಿ ಪಡೆದದ್ದೇ ಬುದ್ಧಿಶಕ್ತಿಯನ್ನು ಗಣಿತದ ಮೂಲಕ ಅಳೆಯಲು ಹೊರಟ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ. (1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ಆರಂಭಿಸಿದವರೂ ಇವರೇ, ಪ್ರಾಧ್ಯಾಪಕರಿಗೆ ಆಗ ಅಷ್ಟು ಬಿಡುವಿತ್ತೆಂದು ಅಸೂಯೆಯಾಗುತ್ತದೆ.) ಈ ವಿಷಯಕ್ಕೆ ಒಂದು ಅನುಕೂಲವಿದೆ: ಅಧ್ಯಾಪನದ ಬಾಗಿಲು ತೆರೆಯದಿದ್ದರೆ ಆಪ್ತಸಲಹೆಯ ಕ್ಷೇತ್ರವಿದೆ. ಆದರೆ ಚಿಕಿತ್ಸಾ ಮನಃಶಾಸ್ತ್ರಜ್ಞೆಯಾಗಲು ಬರೀ ಎಂ.ಎ. ಸಾಲದು, ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ಅದರ ನೋಂದಣಿ ಬೇಕು.

ಇತಿಹಾಸದವರ ಬಂಡವಾಳ ಲಿಪಿ ಮತ್ತು ಭಾಷೆ. ಮೈಸೂರಿನ ಇತಿಹಾಸ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನವನ್ನೇ ನೋಡಿ: ಅದನ್ನು ಓದಲು ಹಳೆಯ ಲಿಪಿ, ಪೂರ್ವದ ಹಳಗನ್ನಡ, ಸಂಸ್ಕೃತ ಮೂರೂ ಬೇಕು. ಶಾಸನದ ಪಡಿಯಚ್ಚು ತೆಗೆಯುವುದೂ ಕೈಕೆಲಸವೇ. ಕಲ್ಲನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಕುಳಿಗಳೊಳಗೆ ಅದು ಇಳಿಯುವಂತೆ ಬ್ರಷ್ಷಿನಿಂದ ಬಡಿದು, ತುಸು ಆರಿದ ಮೇಲೆ ಮಸಿಯುಂಡೆಯನ್ನು ಹಗುರವಾಗಿ ಒತ್ತುತ್ತಾ ಹೋದರೆ, ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಟಿಪ್ಪುವಿನ ಕಾಲವನ್ನು ಆರಿಸಿಕೊಂಡರೆ ಪರ್ಷಿಯನ್ ಭಾಷೆ, ಪೇಶ್ವೆಗಳ ಕಾಲಕ್ಕೆ ಹೋದರೆ ಮರಾಠಿಯ ಹಳೆಯ ಮೋಡಿ ಲಿಪಿ ಕಲಿಯಬೇಕು. ಮೈಸೂರಿನ ಇತಿಹಾಸವನ್ನೇ ಅಧ್ಯಯನ ಮಾಡಿದ ಬಿ. ಷೇಕ್ ಅಲಿ ಅವರು ಮಂಗಳೂರು ಹಾಗೂ ಗೋವಾ ವಿಶ್ವವಿದ್ಯಾಲಯಗಳೆರಡಕ್ಕೂ ಮೊದಲ ಕುಲಪತಿಗಳಾದರು. ಪ್ರಾದೇಶಿಕ ಇತಿಹಾಸ ಓದಿದವರು ಮೂಲೆಗುಂಪಾಗುತ್ತಾರೆ ಎನ್ನುವವರಿಗೆ ಈ ಮಾತು ಹೇಳಬಹುದು.

ನನ್ನನ್ನೇ ಕೇಳಿದರೆ, ಭಾಷೆಗಳ ಮೇಲೆ ಪ್ರೀತಿಯಿರುವ ಹುಡುಗಿಗೆ ಇತಿಹಾಸವನ್ನೇ ಸೂಚಿಸುತ್ತೇನೆ, ಅತ್ತ ಹುದ್ದೆಗಾಗಿ ಕಾಯುವಾಗ ಬೇರೆ ದಾರಿಗಳು ಕಡಿಮೆಯೆಂಬುದನ್ನು ಮುಚ್ಚಿಡದೆಯೇ. ಅರ್ಜಿ ತುಂಬುವ ಮೊದಲು ಅವಳು ಗ್ರಂಥಾಲಯದಲ್ಲಿ ಒಂದು ದಿನ ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ತುಮಕೂರು ಸಂಪುಟದಲ್ಲಿ ನಿಮ್ಮ ಸೀಮೆಯ ಶಾಸನಗಳನ್ನು ಓದಲು ಪ್ರಯತ್ನಿಸಲಿ, ಮರುದಿನ ಸಂಖ್ಯಾಶಾಸ್ತ್ರದ ಪುಸ್ತಕ ಹಿಡಿದು ಕೂರಲಿ. ಯಾವ ದಿನ ಊಟದ ಹೊತ್ತು ಮೀರಿದ್ದು ಗೊತ್ತಾಗಲಿಲ್ಲವೆಂದು ಸಂಜೆ ಅವಳನ್ನೇ ಕೇಳಿ.