ಮಳೆ ನಿಂತಿದೆ, ಖುಷಿಗೆ ಸೈಕಲ್ ತುಳಿಯಬೇಕು. 21 ಗೇರಿನದು ತಗೊಳ್ಳಲಾ?

ಜನವರಿವರೆಗೆ ಕಾಯಬೇಡಿ. ಮಹಡಿ ಮೇಲೆ ಧೂಳು ಹಿಡಿದು ನಿಂತಿದೆ ಅಂದಿರಲ್ಲ, ಅಣ್ಣನ ಮಗನ ಗೇರಿಲ್ಲದ ಸೈಕಲ್, ಅದನ್ನೇ ಈ ಭಾನುವಾರ ಕೆಳಗಿಳಿಸಿ.

ನೀವು ಕೇಳಿದ್ದು ಇಷ್ಟು: ಮೈಸೂರಿನಲ್ಲಿ ಮನೆ, ವಯಸ್ಸು ನಲವತ್ತು ದಾಟಿದೆ, ತೂಕ ಇಳಿಸಲು ಅಲ್ಲ, ಸುಮ್ನೆ ಖುಷಿಗೆ ತುಳಿಯಬೇಕು. 21 ಗೇರಿನ ಸೈಕಲ್, ಪ್ಯಾಡ್ ಇರುವ ಚಡ್ಡಿ, ಕಿಲೋಮೀಟರ್ ಲೆಕ್ಕ ಇಡುವ ಆ್ಯಪ್ ಎಲ್ಲ ಹೊಂದಿಸಿಕೊಂಡು ಜನವರಿಗೆ ಶುರು ಮಾಡಲಾ ಅಂತ. ಓದಿ ನಗು ಬಂತು. ನಾನೂ ಇದೇ ಊರಿನವನು. ಇದೇ ವಯಸ್ಸಿನಲ್ಲಿ ಇದೇ ಪಟ್ಟಿ ಬರೆದವನು. ಒಳ್ಳೆ ಸೈಕಲ್ ಇದ್ದರೆ ಖುಷಿ ತಾನಾಗಿ ಬರುತ್ತದೆ ಅನ್ನುವುದು ನಿಮ್ಮ ಲೆಕ್ಕ, ಅಲ್ವಾ? ಆ ಲೆಕ್ಕ ನಂಬಿ ನಾನು ಒಂದು ಚಳಿಗಾಲವನ್ನೂ ಒಂದು ಸೈಕಲ್ಲನ್ನೂ ಕಳೆದುಕೊಂಡೆ.

2017ರಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾಯಿತು. ಕಾಲೇಜು ಬಿಟ್ಟ ಮೇಲೆ ನಾನು ಸೈಕಲ್ ಮುಟ್ಟಿರಲಿಲ್ಲ. ಮಗಳಿಗೆ ಅಂತ ಕಾರ್ಡ್ ಮಾಡಿಸಿದೆ, ಅವಳು ಸ್ಕೂಟಿ ಕೊಡಿಸಿ ಅಂದಳು, ಕಾರ್ಡ್ ನನ್ನ ಜೇಬಿನಲ್ಲೇ ಉಳಿಯಿತು. ಒಂದು ಸಂಜೆ ಅರಮನೆ ಸುತ್ತ ಒಂದು ಸುತ್ತು ಬಂದೆ. ಅಷ್ಟೇ. ಮನೆಗೆ ಬಂದು ಹೆಂಡತಿಗೆ ಅರ್ಧ ಗಂಟೆ ಅದನ್ನೇ ಹೇಳಿದೆ. ಪಾಪ, ಕೇಳಿಸಿಕೊಂಡಳು.

ದೀಪಾವಳಿ ಹೊತ್ತಿಗೆ ಒಂದು 7 ಗೇರಿನ ಸೈಕಲ್ ಮನೆಗೆ ಬಂತು. ಅಂಗಡಿ ಹುಡುಗ ನನ್ನನ್ನು ಸೀಟಿನ ಮೇಲೆ ಕೂರಿಸಿ ಎತ್ತರ ಹೊಂದಿಸಿದ್ದ. ಕೂತರೆ ಕಾಲಿನ ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ನನಗೆ ಎದೆ ಡವಡವ. ಸಿಗ್ನಲ್‌ನಲ್ಲಿ ಬಸ್ಸಿನ ಪಕ್ಕ ನಿಂತಾಗ ವಾಲಿ ಬಿದ್ದರೆ ಏನು ಗತಿ ಅಂತ. ಮನೆಗೆ ಬಂದವನೇ ಸೀಟಿನ ಕೆಳಗಿನ ಹಿಡಿ ಸಡಿಲ ಮಾಡಿ ಪೂರ್ತಿ ಇಳಿಸಿದೆ. ಎರಡೂ ಪಾದ ನೆಲಕ್ಕೆ ಊರಿತು. ಸಮಾಧಾನ ಆಯಿತು.

ನಾನು ಮಾಡಿದ ತಪ್ಪು ಇದೊಂದೇ. ಆದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ನಮ್ಮ ಬೀದಿಯಲ್ಲಿ ನಲವತ್ತರ ಮೇಲೆ ಹೊಸದಾಗಿ ಸೈಕಲ್ ಹತ್ತಿದವರಲ್ಲಿ ಅರ್ಧಕ್ಕರ್ಧ ಜನ ಹೀಗೇ ಕೂತಿರುತ್ತಾರೆ. ನಾಳೆ ಬೆಳಗ್ಗೆ ನೋಡಿ, ಮಂಡಿ ಹೊಟ್ಟೆಗೆ ತಾಗುವ ಹಾಗೆ ತುಳಿಯುತ್ತಿರುತ್ತಾರೆ.

ಸೀಟು ತಗ್ಗಿದ್ದರೆ ಪೆಡಲ್ ಪೂರ್ತಿ ಕೆಳಗೆ ಹೋದಾಗಲೂ ಮಂಡಿ ನೆಟ್ಟಗಾಗುವುದಿಲ್ಲ. ಪೆಡಲ್ ಮೇಲೆ ಬಂದಾಗ ಮತ್ತೂ ಮಡಚಿಕೊಳ್ಳುತ್ತದೆ. ಹಾಗೆ ಮಡಚಿದ ಮಂಡಿಯಿಂದಲೇ ನೀವು ಜೋರಾಗಿ ಒತ್ತುತ್ತೀರಿ. ಆ ಒತ್ತಡವೆಲ್ಲ ಮಂಡಿಚಿಪ್ಪಿನ ಹಿಂದೆ ಬೀಳುತ್ತದೆ. ಒಂದು ಗಂಟೆ ಸುಮ್ನೆ ತುಳಿದರೂ ಒಂದು ಕಾಲು ಮೂರು ಸಾವಿರ ಸಲ ಸುತ್ತುತ್ತದೆ. ತೊಡೆಯಲ್ಲಿ ಶಕ್ತಿ ಇದ್ದರೂ ಅದು ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಮೆಟ್ಟಿಲು ಹತ್ತಿದ ಹಾಗೆ.

ಇದರ ಮೇಲೆ ನಾನು ಆರಿಸಿಕೊಂಡ ದಾರಿ ಬೇರೆ. ಶ್ರೀರಂಗಪಟ್ಟಣ. ನಮ್ಮಿಂದ 15 ಕಿಲೋಮೀಟರ್. ಹೋಗುವಾಗ ನಾನು ಭಾರೀ ಸೈಕಲ್ ಸವಾರ ಅಂತ ಅನ್ನಿಸುತ್ತದೆ, ಯಾಕೆಂದರೆ ಆ ಊರು ಮೈಸೂರಿಗಿಂತ ಸುಮಾರು 80 ಮೀಟರ್ ತಗ್ಗಿನಲ್ಲಿದೆ. ಸ್ಕೂಟರಿನಲ್ಲಿ ಹೋದರೆ ಆ ಇಳಿಜಾರು ಗೊತ್ತೇ ಆಗುವುದಿಲ್ಲ. ಬರುವಾಗ ಗೊತ್ತಾಗುತ್ತದೆ. ಆ ಏರಿನಲ್ಲಿ ನಾನು ಗೇರ್ ಇಳಿಸುತ್ತಿರಲಿಲ್ಲ. ಹಗುರ ಗೇರಿಗೆ ಹಾಕಿ ಕಾಲು ಬೇಗ ಬೇಗ ಆಡಿಸುವುದು ಹುಡುಗಾಟ ಅನ್ನಿಸುತ್ತಿತ್ತು. ಭಾರದ ಗೇರಿನಲ್ಲೇ ಹಲ್ಲು ಕಚ್ಚಿ ತುಳಿಯುತ್ತಿದ್ದೆ. ಡಿಸೆಂಬರ್ ಮುಗಿಯುವ ಹೊತ್ತಿಗೆ ಮಂಡಿಯ ಮುಂಭಾಗದಲ್ಲಿ ಸಣ್ಣ ನೋವು. ಮೆಟ್ಟಿಲು ಇಳಿಯುವಾಗ ಚುಳ್ ಅನ್ನುತ್ತಿತ್ತು.

ಆಗ ನಾನು ಮಾಡಿದ್ದು ಏನು ಗೊತ್ತಾ? ನೀವು ಈಗ ಮಾಡಲು ಹೊರಟಿದ್ದನ್ನೇ. ಗೇರ್ ಸಾಲದು ಅಂತ ತೀರ್ಮಾನಿಸಿದೆ. ರಾತ್ರಿಯೆಲ್ಲ ವಿಡಿಯೋ ನೋಡಿದೆ. 7 ಗೇರಿನದನ್ನು ಬಂದಷ್ಟಕ್ಕೆ ಮಾರಿ, ಮುಂದೆ ಶಾಕ್ ಅಬ್ಸಾರ್ಬರ್ ಇರುವ 21 ಗೇರಿನದು ತಂದೆ. ಅದರ ಸೀಟನ್ನೂ ಮೊದಲ ದಿನವೇ ಇಳಿಸಿದೆ! ಸೈಕಲ್ ಹೊಸದು, ನೋವು ಹಳೆಯದೇ. ಜೊತೆಗೆ ಸೈಕಲ್ಲಿನ ತೂಕವೂ ಜಾಸ್ತಿ.

ಮೂಳೆ ಡಾಕ್ಟರ್ ಹತ್ತಿರ ಹೋದೆ. ಅವರು ನೋಡಿ, ಒತ್ತಿ, ಸ್ವಲ್ಪ ದಿನ ತುಳಿಯಬೇಡಿ ಅಂದರು. ಸರಿಯಾಗೇ ಹೇಳಿದರು. ಆದರೆ ಆ ಸ್ವಲ್ಪ ದಿನ ಅಂದರೆ ಜನವರಿ, ಫೆಬ್ರವರಿ. ಮೈಸೂರಿನಲ್ಲಿ ಬೆಳಗಿನ ಜಾವ 16-17 ಡಿಗ್ರಿ ಇರುವ ದಿನಗಳು. ನಾನು ಬಾಲ್ಕನಿಯಲ್ಲಿ ಕಾಫಿ ಹಿಡಿದು ಬೇರೆಯವರ ಸೈಕಲ್ ಬೆಲ್ ಕೇಳುತ್ತಾ ಕೂತಿದ್ದೆ. ಮಂಡಿ ಸರಿಹೋಗುವಷ್ಟರಲ್ಲಿ ಮಾರ್ಚ್. ಎಂಟು ಗಂಟೆಗೇ ಬಿಸಿಲು ಚುರ್ ಅನ್ನುವ ಕಾಲ. ಸೈಕಲ್ ಮೂಲೆ ಸೇರಿತು.

ಮುಂದಿನ ವರ್ಷ ಮಳೆ ನಿಂತ ಮೇಲೆ ಗಾಳಿ ಹೊಡೆಸಲು ಪಂಚರ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಲ್ಲಿನ ಯಜಮಾನರು ಸೀಟು ನೋಡಿ, "ಮಗಂದಾ ಸಾ ಸೈಕಲ್ಲು?" ಅಂದರು. ನನ್ನದೇ ಅಂದೆ. ಅವರು ಏನೂ ಮಾತಾಡದೆ ಸೀಟು ಎತ್ತಿದರು. "ಹಿಮ್ಮಡಿ ಪೆಡಲ್ ಮೇಲೆ ಇಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗೆ ಆಗ್ಬೇಕು. ಆಮೇಲೆ ಪಾದದ ಮುಂಭಾಗದಲ್ಲಿ ತುಳೀರಿ, ಮಂಡಿ ಒಂಚೂರು ಬಗ್ಗಿರ್ತದೆ. ಅಷ್ಟೇಯ." ನಿಲ್ಲುವಾಗ ಏನು ಮಾಡೋದು ಅಂತ ಕೇಳಿದೆ. "ಸೀಟ್ ಮೇಲೆ ಕೂತ್ಕೊಂಡೇ ಯಾಕ್ ನಿಲ್ತೀರಾ? ಮುಂದಕ್ ಇಳೀರಿ" ಅಂದರು. ಗಾಳಿಗೆ ಮಾತ್ರ ದುಡ್ಡು ತಗೊಂಡರು.

ಚಿಕ್ಕವನಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವನು ನಾನು. ಆಗ ಕಾಲು ನೆಲಕ್ಕೆ ಎಲ್ಲಿ ತಾಗುತ್ತಿತ್ತು? ಬೀಳುತ್ತಿದ್ದೆವು, ಏಳುತ್ತಿದ್ದೆವು. ನಲವತ್ತಕ್ಕೆ ಬಂದು ಈ ಭಯ. ಇರಲಿ.

ಈಗ ನಿಮ್ಮ ಪಟ್ಟಿಗೆ ಬರೋಣ. 21 ಗೇರ್ ಅಂದರೆ ಮುಂದೆ 3, ಹಿಂದೆ 7. ಅದರಲ್ಲಿ ಎಷ್ಟೋ ಒಂದರ ಹಾಗೆ ಇನ್ನೊಂದು. ಊರೊಳಗೆ ತುಳಿಯುವವರಿಗೆ ಎರಡು ಮೂರು ಸಾಕು. ಲಿಂಗಾಂಬುಧಿ, ಕುಕ್ಕರಹಳ್ಳಿ ಕೆರೆ ಕಡೆ ಹೋಗಿ ಬರಲು ಒಂದೂ ಬೇಡ. ಚಾಮುಂಡಿ ಬೆಟ್ಟ ಹತ್ತಬೇಕು ಅಂದರೆ ಗೇರ್ ಬೇಕು, ಒಪ್ಪುತ್ತೇನೆ. ಆದರೆ ನೀವು ಖುಷಿಗೆ ಅಂದಿರಿ, ಬೆಟ್ಟಕ್ಕೆ ಹರಕೆ ಹೊತ್ತಿಲ್ಲವಲ್ಲ. ಶಾಕ್ ಅಬ್ಸಾರ್ಬರ್ ಬೇಡ. ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಅದು ಬರೀ ಭಾರ, ಜೋರಾಗಿ ತುಳಿದರೆ ನಿಮ್ಮ ಶಕ್ತಿಯೂ ಅದರಲ್ಲೇ ಸೋರಿ ಹೋಗುತ್ತದೆ. ಸ್ವಲ್ಪ ಅಗಲದ ಟೈರಿಗೆ, ಟೈರಿನ ಪಕ್ಕದಲ್ಲೇ ಬರೆದಿರುವಷ್ಟು ಗಾಳಿ ಹಾಕಿಸಿದರೆ ಹಳ್ಳಿ ರಸ್ತೆಗೂ ಸಾಕು. ಪ್ಯಾಡ್ ಚಡ್ಡಿ ಒಂದು ಗಂಟೆಯ ಸವಾರಿಗೆ ಯಾಕೆ? ಹೆಲ್ಮೆಟ್ ತಗೊಳ್ಳಿ, ಬೆಲ್ ಹಾಕಿಸಿ, ಹಿಂದೆ ಮಿಣುಕುವ ಕೆಂಪು ದೀಪ ಇರಲಿ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಆರೂವರೆ ಹೊತ್ತಿಗೆ, ನಾಲೆ ಪಕ್ಕ ಮಂಜು ಬೇರೆ.

ಆ್ಯಪ್ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಬೇಡ. ಖುಷಿಗೆ ಅಂತ ಹೊರಟವರು ಎಷ್ಟು ಕಿಲೋಮೀಟರ್ ಆಯಿತು ಅಂತ ನೋಡಲು ಶುರು ಮಾಡಿದರೆ ಅವರೆಕಾಯಿ ಗಾಡಿ ಕಂಡರೂ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಸರಾಸರಿ ವೇಗ ಇಳಿಯುತ್ತದಲ್ಲ!

ನಿಲ್ಲಿಸಲಿಕ್ಕೇ ಅಲ್ವಾ ಸೈಕಲ್ಲು. ಕಾರಿನಲ್ಲಿ ಹೋದರೆ ಆಲೆಮನೆ ಕಾಣುತ್ತದೆ ಅಷ್ಟೆ. ಸೈಕಲ್ಲಿನಲ್ಲಿ ಹೋದರೆ ಕಬ್ಬಿನ ಹಾಲು ಕುದಿಯುವ ವಾಸನೆ ಮೊದಲು ಬರುತ್ತದೆ, ಹೊಗೆ ಆಮೇಲೆ ಕಾಣುತ್ತದೆ. ಆ ಹೊತ್ತಿಗೆ ಕಾಲು ತಾನಾಗಿ ನಿಧಾನ ಆಗಿರುತ್ತದೆ. ಒಂದು ಚೂರು ಬಿಸಿ ಬೆಲ್ಲ ಎಲೆ ಮೇಲೆ ಹಾಕಿ ಕೊಡುತ್ತಾರೆ. ಹಳ್ಳಿಗಳಲ್ಲಿ ಜನ ಮಾತಾಡಿಸುತ್ತಾರೆ. ಒಬ್ಬರು ನನ್ನನ್ನು ನಿಲ್ಲಿಸಿ, "ಏನ್ ಕೆಲ್ಸ ಈ ಕಡೆ?" ಅಂದರು. ಕೆಲಸ ಇಲ್ಲ, ಸುಮ್ನೆ ಬಂದೆ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಪೆಟ್ರೋಲ್ ರೇಟು ಜಾಸ್ತಿ ಆಯ್ತು ಬುಡಿ" ಅಂತ ನನಗೇ ಸಮಾಧಾನ ಹೇಳಿ ಕಳಿಸಿದರು.

ಹವಾ ಹೇಗೆ ಅನುಭವಕ್ಕೆ ಬರುತ್ತದೆ ಅನ್ನುವುದೂ ಬೇರೆಯೇ. ಮನೆ ಬಾಗಿಲಲ್ಲಿ ನಿಂತಾಗ ಸ್ವಲ್ಪ ಚಳಿ ಆಗಬೇಕು. ಅಲ್ಲೇ ಬೆಚ್ಚಗೆ ಅನ್ನಿಸಿದರೆ ಬಟ್ಟೆ ಜಾಸ್ತಿ ಆಯಿತು ಅಂತ, ಎರಡು ಕಿಲೋಮೀಟರಿಗೆ ಬೆವರುತ್ತೀರಿ. ಮೊದಲು ಕಿವಿ, ಬೆರಳ ತುದಿ ತಣ್ಣಗೆ ಕೊರೆಯುತ್ತದೆ. ಆಮೇಲೆ ಮೈ ಕಾವೇರುತ್ತದೆ, ಮುಖಕ್ಕೆ ಮಾತ್ರ ತಂಪು ಗಾಳಿ. ಗಾಳಿ ಬೀಸದ ದಿನವೂ ನೀವು ಮುಂದೆ ಹೋಗುವುದರಿಂದಲೇ ಗಾಳಿ ಹುಟ್ಟುತ್ತದೆ. ನಿಂತ ಕ್ಷಣ ಸೆಕೆ. ಇಪ್ಪತ್ತು ಕಿಲೋಮೀಟರ್ ವೇಗ ದಾಟಿದರೆ ಅದೇ ಗಾಳಿ ಎದೆಗೆ ಕೈ ಇಟ್ಟು ತಳ್ಳುತ್ತದೆ. ಹದಿನೈದರ ಹತ್ತಿರ ಇದ್ದರೆ ಪಕ್ಕದವರ ಜೊತೆ ಮಾತಾಡಿಕೊಂಡು ಹೋಗಬಹುದು. ಅದೇ ಹದ.

ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಣದಿಂದ. ಬೆಳಗ್ಗೆ ಕಮ್ಮಿ, ಬಿಸಿಲು ಏರಿದ ಹಾಗೆ ಜಾಸ್ತಿ. ಹಾಗಾಗಿ ಹೋಗುವಾಗ ಗಾಳಿಗೆ ಎದುರು ಹೋಗಿ, ಸುಸ್ತಾಗಿ ಬರುವಾಗ ಬೆನ್ನಿಗೆ ಗಾಳಿ ಇರಲಿ. ಶ್ರೀರಂಗಪಟ್ಟಣದ ದಾರಿಗೆ ಇದು ಸರಿಯಾಗಿ ಹೊಂದುತ್ತದೆ, ವಾಪಸ್ ಬರುವ ಏರಿಗೆ ಗಾಳಿಯೇ ಒಂದು ಕೈ ಕೊಡುತ್ತದೆ. ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆ 2023ರ ಆಗಸ್ಟ್‌ನಿಂದ ಬೈಕಿಗೂ ಇಲ್ಲ, ಸೈಕಲ್ಲಿಗೂ ಇಲ್ಲ. ಒಳ್ಳೆಯದೇ ಆಯಿತು. ನಾಗನಹಳ್ಳಿ ಕಡೆಯ ಒಳದಾರಿ ಹಿಡಿಯಿರಿ. ಶ್ರೀರಂಗಪಟ್ಟಣ ಸೇರಿದ ಮೇಲೆ ಕೋಟೆ, ಟಿಪ್ಪುವಿನ ದರಿಯಾ ದೌಲತ್ ಅರಮನೆ, ಗಂಜಾಂ ದಾಟಿ ಕಾವೇರಿ ಸಂಗಮದವರೆಗೆ ಮರದ ನೆರಳಿನಲ್ಲಿ ಹೋಗಬಹುದು. ಒಂದು ಎಚ್ಚರ: ಸಂಗಮದ ಕಡೆ ಹೋಗುವಾಗ ಮುಖ ಪೂರ್ವಕ್ಕೆ. ಬೆಳಗಿನ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ. ನಿಮ್ಮ ಹಿಂದೆ ಬರುವ ಡ್ರೈವರ್ ಕಣ್ಣಿಗೂ ಹೊಡೆಯುತ್ತಾನೆ, ಅದು ಜಾಸ್ತಿ ಅಪಾಯ. ರಸ್ತೆ ಅಂಚಿನಲ್ಲಿರಿ, ಕಡು ಬಣ್ಣದ ಅಂಗಿ ಬೇಡ.

ಸುಗ್ಗಿ ಬಂದರೆ ಇನ್ನೊಂದು. ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ, ಬಸ್ಸು ಲಾರಿ ಓಡಿ ಒಕ್ಕಣೆ ಆಗಲಿ ಅಂತ. ಅದರ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ. ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಅವಮಾನ ಏನಿಲ್ಲ.

ಕಾಲು ಪಳಗಿದ ಮೇಲೆ ಹದಿನಾರು ಅನ್ನುವ ಊರಿನ ಕೆರೆಗೆ ಹೋಗಿ ಬನ್ನಿ, ನಂಜನಗೂಡು ಕಡೆಯದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ಇಳಿಯುತ್ತವೆ. ಅವು ಅಷ್ಟು ದೂರದಿಂದ ಬರುವುದೂ ಇದೇ ಹವಾಕ್ಕೆ. ನೀವು ಇದೇ ಊರಿನಲ್ಲಿದ್ದು ಜನವರಿ ಅನ್ನುತ್ತಿದ್ದೀರಿ! ಅವು ವಾಪಸ್ ಹೊರಡುವ ಕಾಲಕ್ಕೆ ನಮಗೂ ಬಿಸಿಲು ಶುರು. ನವೆಂಬರಿನಿಂದ ಫೆಬ್ರವರಿ, ನಮಗೆ ಸಿಗುವುದು ಅಷ್ಟೇ. ನಡುವೆ ಹಿಂಗಾರು, ಬಂಗಾಳಕೊಲ್ಲಿಯ ವಾಯುಭಾರ ಕುಸಿತ, ಮದುವೆ, ನಾಮಕರಣ ಕಳೆಯಿರಿ. ಉಳಿದ ಬೆಳಗುಗಳಲ್ಲಿ ಸೈಕಲ್ ಹೋಲಿಸಿ ನೋಡುತ್ತಾ ಕೂರುತ್ತೀರಾ?

ಗುಂಪು ಸೇರುವ ಬಗ್ಗೆ ನೀವು ಕೊನೆಗೆ ಒಂದು ಸಾಲು ಕೇಳಿದ್ದೀರಿ. ಈ ವರ್ಷ ಬೇಡ. ಅವರ ವೇಗಕ್ಕೆ ನೀವು ಓಡಬೇಕಾಗುತ್ತದೆ. ತಿಂಡಿಗೆ ನಿಲ್ಲುವ ಒಬ್ಬ ಗೆಳೆಯ ಸಿಕ್ಕರೆ ಸಾಕು.

ಹಳೇ ಸೈಕಲ್ ಇಳಿಸಿದ ಮೇಲೆ ಟೈರಿನ ಪಕ್ಕದಲ್ಲಿ ಬಿರುಕು ಇದೆಯಾ ನೋಡಿ, ಇದ್ದರೆ ಬದಲಿಸಿ. ಬ್ರೇಕ್ ರಬ್ಬರ್ ಗಟ್ಟಿಯಾಗಿದ್ದರೆ ಅದನ್ನೂ. ಚೈನಿಗೆ ಎಣ್ಣೆ ಬಿಟ್ಟು ಮೇಲಿನದನ್ನು ಬಟ್ಟೆಯಲ್ಲಿ ಒರೆಸಿ. ಸೀಟಿನ ಕೊಳವೆ ತುಕ್ಕು ಹಿಡಿದು ಮೇಲೆ ಬರದಿದ್ದರೆ ಹೊಡೆಯಬೇಡಿ, ಸಂದಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಎತ್ತುವಾಗ ಕೊಳವೆ ಮೇಲೆ ಒಂದು ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಎತ್ತಬಾರದು. ಆ ಗೆರೆವರೆಗೆ ಎತ್ತಿದರೂ ಕಾಲು ನೆಟ್ಟಗಾಗುತ್ತಿಲ್ಲ ಅಂದರೆ ಸೈಕಲ್ ನಿಮಗೆ ಚಿಕ್ಕದು. ಆಗ ಬೇಕಾದರೆ ಹೊಸದು ನೋಡಿ, ಗೇರಿಲ್ಲದ್ದೇ.