ಕಡತ ಬಂದಿದೆ, ಪೂರ್ತಿ ಬಂದಿದೆಯೇ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಶಾಖೆಗಳು ಪ್ರತಿ ಸಂಜೆ ಲೆಕ್ಕದ ಕಡತಗಳನ್ನು ಎಸ್‌ಎಫ್‌ಟಿಪಿ (ಕಡತ ರವಾನೆಯ ಸುರಕ್ಷಿತ ವಿಧಾನ) ಮೂಲಕ ಲಿನಕ್ಸ್ ಸರ್ವರಿಗೆ ಕಳುಹಿಸುತ್ತವೆ. ಕ್ರಾನ್ ಎಂಬ ವೇಳಾಪಟ್ಟಿ ಸೌಲಭ್ಯದ ಮೂಲಕ ಐದು ನಿಮಿಷಕ್ಕೊಮ್ಮೆ ಓಡುವ ಸ್ಕ್ರಿಪ್ಟ್ ಅವನ್ನು ಡೇಟಾಬೇಸಿಗೆ ಸೇರಿಸುತ್ತದೆ. ಕೆಲವು ದಿನ ಅರ್ಧ ಲೆಕ್ಕವಷ್ಟೇ ಸೇರಿರುತ್ತದೆ. ಕಡತ ಬಂದ ಕ್ಷಣವೇ ಸ್ಕ್ರಿಪ್ಟ್ ಓಡುವಂತೆ ಮಾಡಿದರೆ ಈ ತೊಂದರೆ ತಪ್ಪುತ್ತದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ತಪ್ಪುವುದಿಲ್ಲ; ಎಚ್ಚರ ತಪ್ಪಿದರೆ ಹೆಚ್ಚಾದೀತು. ಕಡತ ಹುಟ್ಟುವ ಕ್ಷಣದಲ್ಲಿ ಅದರ ಗಾತ್ರ ಸೊನ್ನೆ. ಆ ಕ್ಷಣಕ್ಕೇ ಕೈ ಹಾಕಿದರೆ ಸಿಗುವುದು ಖಾಲಿ ಹಾಳೆ.

2005ರಲ್ಲಿ ಬಂದ 2.6.13ನೆಯ ಆವೃತ್ತಿಯಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಐನೋಟಿಫೈ ಎಂಬ ಸೌಲಭ್ಯವಿದೆ. ಫೋಲ್ಡರಿನಲ್ಲಿ ಕಡತ ಸೃಷ್ಟಿಯಾದಾಗ, ಬರೆಯಲು ತೆರೆದ ಕಡತ ಮುಚ್ಚಿದಾಗ, ಬೇರೆಡೆಯಿಂದ ಕಡತವೊಂದು ಅಲ್ಲಿಗೆ ಸರಿದು ಬಂದಾಗ ಅದು ಬೇರೆ ಬೇರೆ ಸೂಚನೆ ಕೊಡುತ್ತದೆ. ಮುಚ್ಚಿದ ಸೂಚನೆಗಾಗಿ ಕಾದರೆ ಸಾಕೆಂದು ಹಲವರು ಹೇಳುತ್ತಾರೆ. ಆದರೆ ಸಂಪರ್ಕ ನಡುವೆಯೇ ಕಡಿದುಹೋದಾಗಲೂ ಸರ್ವರ್ ಆ ಕಡತವನ್ನು ಮುಚ್ಚುತ್ತದೆ, ಸೂಚನೆಯೂ ಬರುತ್ತದೆ. ಅರ್ಧ ಕಡತ ಪೂರ್ತಿಯ ವೇಷದಲ್ಲಿ ಒಳಬರುತ್ತದೆ.

ಆದ್ದರಿಂದ ಪರಿಹಾರ ಕಳುಹಿಸುವವರ ಕಡೆಯಿಂದಲೇ ಆರಂಭವಾಗಬೇಕು. ಶಾಖೆಯವರು ಕಡತವನ್ನು ಮೊದಲು 'ತಾತ್ಕಾಲಿಕ' ಫೋಲ್ಡರಿಗೆ ಏರಿಸಿ, ಪೂರ್ತಿಯಾದ ಮೇಲೆ ಮರುನಾಮಕರಣದ ಆದೇಶದಿಂದ 'ಆವಕ' ಫೋಲ್ಡರಿಗೆ ಸರಿಸಲಿ. ಒಂದೇ ಫೈಲ್ ಸಿಸ್ಟಮ್‌ನೊಳಗೆ ಈ ಸರಿಸುವಿಕೆ ಅಖಂಡ ಕ್ರಿಯೆ: ಆವಕದಲ್ಲಿ ಕಡತ ಇಲ್ಲ, ಇಲ್ಲವೇ ಪೂರ್ತಿ ಇದೆ. ಎರಡು ಫೋಲ್ಡರುಗಳು ಬೇರೆ ಬೇರೆ ಡಿಸ್ಕಿನಲ್ಲಿದ್ದರೆ ಈ ಖಾತರಿ ಇರುವುದಿಲ್ಲ. (ಮಿಂಚಂಚೆ ಸರ್ವರುಗಳ ಮೇಲ್‌ಡಿರ್ ವ್ಯವಸ್ಥೆ ನಿಂತಿರುವುದೂ ಇದೇ ಉಪಾಯದ ಮೇಲೆ. ಕಡತಗಳನ್ನು ನಕಲಿಸುವ ಆರ್‌ಸಿಂಕ್ ಪ್ರೋಗ್ರಾಮ್ ಸಹ ಚುಕ್ಕಿಯಿಂದ ಆರಂಭವಾಗುವ ಹೆಸರಿನಲ್ಲಿ ಬರೆದು, ಕೊನೆಗೆ ನಿಜವಾದ ಹೆಸರಿಡುತ್ತದೆ.) ಆಮೇಲೆ ನೀವು 'ಸರಿದು ಬಂತು' ಎಂಬ ಸೂಚನೆಯನ್ನು ಮಾತ್ರ ಆಲಿಸಿದರೆ ಸಾಕು.

ಹಾಗೆಂದು ಕ್ರಾನನ್ನು ಕಿತ್ತೆಸೆಯಬೇಡಿ. ಐನೋಟಿಫೈ ಸೂಚನೆಗೆ ಕಾಯುವ ಕಾವಲು ಪ್ರೋಗ್ರಾಮ್ ನಿಂತಿದ್ದಾಗ ಬಂದ ಕಡತಗಳ ಸೂಚನೆ ಮತ್ತೆ ಸಿಗುವುದಿಲ್ಲ. ಎನ್‌ಎಫ್‌ಎಸ್ (ಜಾಲದ ಮೂಲಕ ಹಲವು ಯಂತ್ರಗಳು ಹಂಚಿಕೊಳ್ಳುವ) ಫೋಲ್ಡರಿನಲ್ಲಿ ಬೇರೆ ಯಂತ್ರ ಮಾಡಿದ ಬದಲಾವಣೆಯೂ ಐನೋಟಿಫೈಗೆ ತಿಳಿಯುವುದಿಲ್ಲ. ಪ್ರೋಗ್ರಾಮ್ ಆರಂಭವಾದಾಗ ಒಮ್ಮೆ, ಮತ್ತೆ ಕ್ರಾನ್ ಮೂಲಕ ಆಗಾಗ, ಫೋಲ್ಡರನ್ನು ಪೂರ್ತಿ ಜಾಲಾಡಿ ನೋಡಬೇಕು. ಕಾವಲು ಪ್ರೋಗ್ರಾಮ್, ಕ್ರಾನ್ ಇಬ್ಬರೂ ಒಂದೇ ಕಡತಕ್ಕೆ ಕೈಹಾಕದಿರಲು, ಓದುವ ಮೊದಲು ಅದನ್ನು 'ಸಂಸ್ಕರಣೆ' ಫೋಲ್ಡರಿಗೆ ಸರಿಸಿಕೊಳ್ಳಿ. ಸರಿಸಲು ಗೆದ್ದವರಿಗೇ ಕೆಲಸ. ಶಾಖೆಯವರು ಅದೇ ಕಡತವನ್ನು ಎರಡು ಸಲ ಕಳುಹಿಸುವುದೂ ಉಂಟು. ಪ್ರತಿ ಕಡತದ ಎಸ್‌ಎಚ್‌ಎ-256 ಮೊತ್ತವನ್ನು (ಕಡತದ ಒಳಗಿನಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು), ಲೆಕ್ಕ ಸೇರಿಸುವ ಡೇಟಾಬೇಸ್ ವಹಿವಾಟಿನಲ್ಲಿಯೇ (ಟ್ರಾನ್ಸಾಕ್ಷನ್), ಪುನರಾವರ್ತನೆಗೆ ಎಡೆಯಿಲ್ಲದ ಕಾಲಮ್ಮಿನಲ್ಲಿ ದಾಖಲಿಸಿದರೆ ಎರಡನೆಯದು ತಾನಾಗಿಯೇ ತಿರಸ್ಕೃತವಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ, ಸಂಜೆಯ ಲೆಕ್ಕ ಐದು ನಿಮಿಷ ತಡವಾದರೆ ಯಾರಿಗೂ ನಷ್ಟವಿಲ್ಲ. ಮೊದಲು ಮರುನಾಮಕರಣವನ್ನು ಜಾರಿಗೆ ತನ್ನಿ, ಐನೋಟಿಫೈ ಆಮೇಲೆ ಬರಲಿ. ಯಾವುದಾದರೂ ಶಾಖೆಯ ತಂತ್ರಾಂಶಕ್ಕೆ ಮರುನಾಮಕರಣ ಬಾರದಿದ್ದರೆ, ಕಡತದ ಕೊನೆಯ ಸಾಲಿನಲ್ಲಿ ಒಟ್ಟು ಸಾಲುಗಳ ಸಂಖ್ಯೆಯನ್ನು ಬರೆಯಿಸಿ, ಆ ಸಾಲು ಇಲ್ಲದ ಕಡತವನ್ನು ಮುಟ್ಟದಂತೆ ಸ್ಕ್ರಿಪ್ಟನ್ನು ತಿದ್ದಿ.